ಮೆತ್ತಗೆ, ಬೆಚ್ಚಗೆ, ಮೆಲ್ಲಗೆ

ಬಹಳ ಬಹಳ ಹಿಂದೆ, ಬೆಟ್ಟಗುಡ್ಡಗಳಿಗೆ ಯಾರೂ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಹದವಂತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಯಾರೂ ಒಬ್ಬರೇ ಕೆಲಸ ಮಾಡುತ್ತಿರಲಿಲ್ಲ. ಒಬ್ಬರು ಮಾಡಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತು ಹದ ಹೇಳಬೇಕು. ಅಜ್ಜಿ ರೊಟ್ಟಿ ತಟ್ಟಲು ಕೂತರೆ ಮೊಮ್ಮಗಳು ಪಕ್ಕದಲ್ಲಿ ನಿಂತು 'ತೆಳ್ಳಗೆ, ತೆಳ್ಳಗೆ' ಅನ್ನುವಳು. ಬಡಗಿ ಹಲಗೆ ಉಜ್ಜುವಾಗ ಅವನ ಹೆಂಡತಿ 'ನುಣ್ಣಗೆ, ನುಣ್ಣಗೆ' ಅನ್ನುವಳು. ಹಾಗೆ ಹೇಳಿದ ಕೂಡಲೇ ಕೈಗೆ ಆ ಹದ ತಾನಾಗಿ ಬಂದುಬಿಡುತ್ತಿತ್ತು. ತನಗೆ ತಾನೇ ಹೇಳಿಕೊಂಡರೆ ಮಾತ್ರ ಏನೂ ಆಗುತ್ತಿರಲಿಲ್ಲ. ಕಚಗುಳಿಯ ಹಾಗೆ ಅದು, ಇನ್ನೊಬ್ಬರೇ ಇಡಬೇಕು.

ಈ ಹದದ ಮಾತುಗಳೆಲ್ಲ ಒಂದೇ ಪ್ರಾಸದವು, ಒಂದೇ ತಾಯಿಯ ಮಕ್ಕಳು. ಅವುಗಳಲ್ಲಿ ಮೆತ್ತಗೆ, ಬೆಚ್ಚಗೆ, ಮೆಲ್ಲಗೆ ಎಂಬ ಮೂವರು ಹಿರಿಯಕ್ಕಂದಿರು. ಒಬ್ಬಳನ್ನು ಕರೆದರೆ ಇನ್ನಿಬ್ಬರು ತಾವಾಗಿಯೇ ಹಿಂದೆ ಬರುತ್ತಿದ್ದರು.

ಹದವಂತಿಯಲ್ಲಿ ಇನ್ನೊಂದು ರೂಢಿಯೂ ಇತ್ತು. ಹದ ಹೇಳು ಬಾ ಎಂದು ಯಾರೂ ಯಾರನ್ನೂ ಕರೆಯಬಾರದು. ನೋಡಿ, ಅರಿತು, ಅವರಾಗಿಯೇ ಬರಬೇಕು. ಬಾಯಿ ಬಿಟ್ಟು ಕೇಳಿದರೆ ಕೇಳಿದವರ ಮರ್ಯಾದೆಯೂ ಹೋಯಿತು, ಬಾರದೆ ಇದ್ದವರ ಮರ್ಯಾದೆಯೂ ಹೋಯಿತು. ಇಷ್ಟು ಚೆಂದದ ರೂಢಿ ಬೇರೆ ಯಾವ ರಾಜ್ಯದಲ್ಲೂ ಇಲ್ಲ ಎಂದು ಅಲ್ಲಿಯ ಜನ ಬೀಗುತ್ತಿದ್ದರು.

ಆ ಊರಿನಲ್ಲಿ ಚಂದಲೆ ಎಂಬ ಹುಡುಗಿ ಇದ್ದಳು. ಸೂಲಗಿತ್ತಿ ಕೆಂಚಜ್ಜಿಗೆ ಹದ ಹೇಳುವುದೇ ಅವಳ ಕೆಲಸ. ಕೆಂಚಜ್ಜಿ ಹೆರಿಗೆ ಮಾಡಿಸುವಾಗ ಚಂದಲೆ ಬಸುರಿಯ ತಲೆಯ ಬಳಿ ಕೂತು 'ಮೆಲ್ಲಗೆ, ಮೆಲ್ಲಗೆ' ಅನ್ನುತ್ತಿದ್ದಳು. ಆ ಊರಿನ ಅರ್ಧ ಮಕ್ಕಳು ಲೋಕಕ್ಕೆ ಬಂದು ಮೊದಲು ಕೇಳಿದ್ದು ಅವಳ ದನಿಯನ್ನೇ. ಚಂದಲೆಗೆ ತಾಯಿಯ ಮುಖ ನೆನಪಿಲ್ಲ. ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕ ಬಾಚಲೆ. ಆ ಬಾಚಲೆ ಈಗ ತುಂಬಿದ ಬಸುರಿ. ಅಕ್ಕನ ಮಗುವಿಗೆ ಹದ ಹೇಳುವ ದಿನವನ್ನು ನೆನೆದು ಚಂದಲೆ ಒಳಗೊಳಗೇ ಹಿಗ್ಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಅನಾಹುತ ನಡೆಯಿತು. ಜನ ಎದ್ದು ಕೂತು ಆಕಳಿಸುವ ಹೊತ್ತು ನೋಡಿ, ಕಲ್ಲುಬೆಟ್ಟದ ತುದಿಯಿಂದ ಬೂದು ಬಣ್ಣದ ಕೈಯೊಂದು ಉದ್ದಕ್ಕೆ ಚಾಚಿಕೊಂಡು ಬಂತು. ತೆರೆದ ಬಾಯಿಗಳಿಂದ ಆ ಮೂವರು ಅಕ್ಕಂದಿರನ್ನು ಹೆಕ್ಕಿಕೊಂಡು ಹೋಯಿತು. ಅದು ಕಲ್ಲುಗೈ ಮಾಂತ್ರಿಕನ ಕೈ. ಬೆಟ್ಟದ ಮೇಲೆ ಅಂಥವನೊಬ್ಬ ಇದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಅವನು ಎಲ್ಲಿಯವನು, ಯಾರ ಮಗ, ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಹದವಂತಿಯಲ್ಲಿ ಹದವೇ ಉಳಿಯಲಿಲ್ಲ. ಜನ ಬಾಯಿ ತೆರೆದರೆ ಆ ಮಾತುಗಳ ಜಾಗದಲ್ಲಿ ಬರೀ ಗಾಳಿ ಬಂತು. ಹಿರಿಯರು ಹೋದ ಮೇಲೆ ತೆಳ್ಳಗೆ, ನುಣ್ಣಗೆ ಮುಂತಾದ ತಂಗಿಯರೂ ಸೊರಗಿದರು. ಹಾಲು ಕರೆಯುವವರು ಕೆಚ್ಚಲಿಗೆ ಕೈ ಹಾಕಿದರೆ ಹಸು ಒದೆಯಿತು. ಸ್ನಾನದ ನೀರು ಕುದಿಯಬೇಕು, ಇಲ್ಲವೇ ಕೊರೆಯಬೇಕು, ನಡುವೆ ಇನ್ನೊಂದಿಲ್ಲ. ಮಗುವಿನ ಬೆನ್ನು ತಟ್ಟಲು ಹೋದ ತಾಯಿ ಗುದ್ದಿಬಿಟ್ಟು ತಾನೇ ಅತ್ತಳು. ದೊರೆ ಅರಿಗಂಡ ಪ್ರೀತಿಯಿಂದ ಮಂತ್ರಿಯನ್ನು ಅಪ್ಪಿಕೊಂಡ, ಮಂತ್ರಿಗೆ ಪಕ್ಕೆ ಹಿಡಿದು ಒಂದು ವಾರ ಆಸ್ಥಾನಕ್ಕೆ ರಜೆ ಆಯಿತು. ದೊರೆಯ ಸೇನಾಪತಿ ಕತ್ತಿ ಹಿಡಿದು ಬೆಟ್ಟಕ್ಕೆ ಹೊರಟವನು, ಊರಬಾಗಿಲು ದಾಟುವ ಮೊದಲೇ ಲಗಾಮನ್ನು ಜೋರಾಗಿ ಎಳೆದು ಕುದುರೆಯ ಕೈಯಲ್ಲಿ ಕೆಡವಿಸಿಕೊಂಡು ಮನೆಗೆ ಬಂದ.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಆ ವಾರವೇ ನೆರೆಮನೆಯ ಹಸು ಕರು ಹಾಕುವಾಗ ಎಳೆಯಲು ಹೋದವರ ಕೈಯಲ್ಲಿ ಕರುವಿನ ಕಾಲು ಮುರಿಯಿತು. ಅದನ್ನು ನೋಡಿದ ಕೆಂಚಜ್ಜಿ ಬಾಚಲೆಯ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಚಂದಲೆ, ಇಂಥ ಕೈಯಲ್ಲಿ ನಾನು ನಿಮ್ಮಕ್ಕನ ಮಗೂನ ಹಿಡೀಲಾರೆ. ಹಿಡಿದ್ರೆ ಉಳಿಯಲ್ಲ. ಹಿಡೀದಿದ್ರೂ ಉಳಿಯಲ್ಲ" ಅಂದಳು.

ಚಂದಲೆ ಅಕ್ಕನ ಮುಖ ನೋಡಿದಳು. ಬಾಚಲೆ ಹೊಟ್ಟೆಯ ಮೇಲೆ ಕೈ ಇಡಲೂ ಹೆದರಿ ಗೋಡೆಗೆ ಒರಗಿ ಕೂತಿದ್ದಳು. ಚಂದಲೆ ಮರುಮಾತಿಲ್ಲದೆ ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಕಲ್ಲುಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಕಾಡಿತ್ತು. ಕಾಡಿನ ಬಾಯಲ್ಲಿ ಗುಡಿಸಲಿನಷ್ಟು ದೊಡ್ಡದೊಂದು ಮುಳ್ಳುಹಂದಿ ದಾರಿಗೆ ಅಡ್ಡ ಮಲಗಿತ್ತು. ಅದರ ಒಂದೊಂದು ಮುಳ್ಳೂ ಈಟಿಯ ಉದ್ದ. ಚಂದಲೆಯನ್ನು ನೋಡಿ ಅದು ಮುಳ್ಳುಗಳನ್ನೆಲ್ಲ ಎಬ್ಬಿಸಿ ನಿಲ್ಲಿಸಿತು.

"ಮಾಂತ್ರಿಕ ಒಂದು ಮಾತನ್ನ ನನ್ನ ನಾಲಗೆ ಅಡಿ ಇಟ್ಟಿದಾನೆ. ಅದರ ಅರ್ಥ ಹೇಳಿದವರಿಗೆ ಕೊಡ್ತೀನಿ. ತಪ್ಪು ಹೇಳಿದವರನ್ನ ಚುಚ್ತೀನಿ" ಅಂದಿತು. ಬಾಯಿ ಕೊಂಚ ತೆರೆದು ತೋರಿಸಿತು. ನಾಲಗೆಯ ಅಡಿಯಲ್ಲಿ ಮೆತ್ತಗೆ ಎಂಬ ಮಾತು ಹತ್ತಿಯ ಉಂಡೆಯ ಹಾಗೆ ಕೂತಿತ್ತು.

ಗಟ್ಟಿ ಇಲ್ಲದ್ದು ಅಂತ ಅದರ ಅರ್ಥ, ಎಂದು ಚಂದಲೆ ಥಟ್ಟನೆ ಹೇಳಿದಳು. ಕೊಳೆತ ಬಾಳೆಹಣ್ಣೂ ಗಟ್ಟಿ ಇರಲ್ಲ, ಅದೇನಾ ನೀನು ಹುಡುಕಿಕೊಂಡು ಬಂದಿದ್ದು, ಎಂದು ಮುಳ್ಳುಹಂದಿ ಕೇಳಿತು. ಒಂದು ಮುಳ್ಳು ಮುಂದಕ್ಕೆ ಬಾಗಿ ಅವಳ ಗಂಟಲಿನ ಹತ್ತಿರ ಬಂದು ನಿಂತಿತು. ಇನ್ನೊಂದು ಸಲ ಹೇಳು, ಆಮೇಲೆ ಸಮಯ ಕೊಡಲ್ಲ, ಅಂದಿತು.

ಚಂದಲೆಗೆ ಬೇರೆ ಅರ್ಥ ಹೊಳೆಯಲಿಲ್ಲ. ಹೊಳೆದದ್ದು ಅಕ್ಕ. ಅದನ್ನೇ ಹೇಳಿದಳು. ತಾಯಿ ಸತ್ತ ವರ್ಷ ಚಂದಲೆಗೆ ಬಾಯಿ ತುಂಬ ಹುಣ್ಣಾಗಿತ್ತು. ಏನು ಕೊಟ್ಟರೂ ಉಗುಳಿ ಅಳುತ್ತಿದ್ದಳು. ಬಾಚಲೆ ತಾನೇ ಇನ್ನೂ ಚಿಕ್ಕವಳು. ಅನ್ನಕ್ಕೆ ಮಜ್ಜಿಗೆ ಹಾಕಿ, ಅಗುಳು ಅಗುಳನ್ನೂ ಬೆರಳಿನ ನಡುವೆ ಇಟ್ಟು ಹಿಸುಕಿ, ಮೊದಲು ತನ್ನ ತುಟಿಗೆ ತಾಗಿಸಿ ನೋಡಿ, ಆಮೇಲೆ ತಂಗಿಯ ಬಾಯಿಗೆ ಇಡುತ್ತಿದ್ದಳು. ಒಂದು ತುತ್ತಿಗೆ ಅಷ್ಟು ಹೊತ್ತು ಹಿಡಿಯುತ್ತಿತ್ತು. ಅಕ್ಕ ತಾನು ಉಣ್ಣುವ ವೇಳೆಗೆ ಸೂರ್ಯ ನೆತ್ತಿಯಿಂದ ಇಳಿದಿರುತ್ತಿದ್ದ.

"ಆ ಮಾತಿಗೆ ನನಗೆ ಗೊತ್ತಿರೋ ಅರ್ಥ ಅಷ್ಟೇ. ಅದು ಸರಿ ಇಲ್ಲಾಂದ್ರೆ ಚುಚ್ಚಿಬಿಡು" ಅಂದಳು.

ಮುಳ್ಳುಹಂದಿಯ ಮುಳ್ಳುಗಳು ಒಂದೊಂದಾಗಿ ಬೆನ್ನಿಗೆ ಒರಗಿಕೊಂಡವು. ನಾವು ಹುಟ್ಟಿದಾಗ ನಮ್ಮ ಮುಳ್ಳುಗಳೂ ಎಳೆ ಹುಲ್ಲಿನ ಹಾಗೇ ಇರುತ್ತವೆ, ಅಮ್ಮ ನೆಕ್ಕಿ ನೆಕ್ಕಿ ನೇರ ಮಾಡುತ್ತಿದ್ದಳು, ಮರೆತೇಹೋಗಿತ್ತು, ಎಂದು ಅದು ಹೇಳಿತು. ಬಾಯಿ ತೆರೆಯಿತು. ಮೆತ್ತಗೆ ಎಂಬ ಮಾತು ಹಾರಿ ಬಂದು ಚಂದಲೆಯ ನಾಲಗೆಯ ಮೇಲೆ ಕೂತಿತು. ನೆನಪು ಮಾಡಿಕೊಟ್ಟೆಯಲ್ಲ, ನಿನ್ನ ಉಪಕಾರ ಮರೆಯಲ್ಲ, ಎಂದು ಮುಳ್ಳುಹಂದಿ ದಾರಿ ಬಿಟ್ಟಿತು.

ಚಂದಲೆ ಇನ್ನೂ ಮೇಲೆ ಹತ್ತಿದಳು. ಬೆಟ್ಟದ ನಡುವಿನಲ್ಲಿ ಮೋಡ ಕವಿದಿತ್ತು, ಚಳಿ ಎಲುಬಿಗೆ ಇಳಿಯುತ್ತಿತ್ತು. ಎರಡು ಬಂಡೆಗಳ ನಡುವಿನ ಕಿರುದಾರಿಯಲ್ಲಿ ತೇಗದ ಮರದಷ್ಟು ದಪ್ಪನೆಯ ಹೆಬ್ಬಾವು ಸುರುಳಿ ಸುತ್ತಿಕೊಂಡಿತ್ತು. ಅದರ ಹೊಟ್ಟೆಯೊಳಗೆ ಬೆಚ್ಚಗೆ ಎಂಬ ಮಾತು ದೀಪದ ಹಾಗೆ ಕೆಂಪಗೆ ಕಾಣುತ್ತಿತ್ತು.

ಈ ಸಲ ಚಂದಲೆ ತಯಾರಾಗಿ ಬಂದಿದ್ದಳು. ಜ್ವರ ಬಂದಾಗ ಅಕ್ಕ ಎದೆಗೆ ಒತ್ತಿಕೊಂಡು ಕೂತದ್ದನ್ನು ಹೇಳಬೇಕು ಎಂದು ಬಾಯಿ ತೆರೆದಳು. ಹೆಬ್ಬಾವು ತಲೆಯನ್ನೂ ಎತ್ತಲಿಲ್ಲ. ಅರ್ಥ ಹೇಳುವ ಶ್ರಮ ನಿನಗೆ ಬೇಡ, ಅರ್ಥ ನನಗೇ ಗೊತ್ತು, ಹುಟ್ಟಿದಾಗಿನಿಂದ ಬೇರೆಯವರ ಬಿಸಿಲಲ್ಲಿ ಬದುಕಿದವನು ನಾನು, ಈಗ ಮೊದಲ ಸಲ ನನ್ನ ಹೊಟ್ಟೆಯಲ್ಲೇ ಬಿಸಿ ಇದೆ, ಇದನ್ನು ಯಾಕೆ ಕೊಡಲಿ, ಎಂದು ಕೇಳಿತು.

ಚಂದಲೆ ಹೆಗಲ ಮೇಲಿನ ಕಂಬಳಿ ತೆಗೆದು ಹಾವಿಗೆ ಹೊದಿಸಿದಳು. ಇದನ್ನು ಇಟ್ಟುಕೊಂಡು ಅದನ್ನು ಕೊಡು ಅಂದಳು. ಹೆಬ್ಬಾವಿಗೆ ನಗು ಬಂತು. ಕಂಬಳಿ ಇರುವ ಬಿಸಿಯನ್ನು ಕಾಯುತ್ತದೆಯೇ ಹೊರತು ಇಲ್ಲದ ಬಿಸಿಯನ್ನು ಹುಟ್ಟಿಸಲ್ಲ ತಾಯಿ, ಮಾತು ಕೊಟ್ಟ ಮೇಲೆ ನನ್ನ ಮೈಯಲ್ಲಿ ಕಾಯಲು ಏನಿರುತ್ತೆ, ಅಂದಿತು. ಇದನ್ನು ಚಂದಲೆ ಯೋಚಿಸಿಯೇ ಇರಲಿಲ್ಲ.

ಆಗ ಅವಳೊಂದು ಹುಚ್ಚು ಕೆಲಸ ಮಾಡಿದಳು. ಕಂಬಳಿ ಎತ್ತಿ, ತಾನೂ ಒಳಗೆ ಹೋಗಿ, ಹೆಬ್ಬಾವಿನ ಸುರುಳಿಗೆ ಬೆನ್ನು ಕೊಟ್ಟು ಕೂತಳು. "ನನ್ನ ಮೈ ಬಿಸಿ ಇದೆ. ಮಾತು ಕೊಡು. ಮೋಡ ಸರಿಯೋವರೆಗೆ ನಾನು ಇಲ್ಲೇ ಕೂತಿರ್ತೀನಿ" ಅಂದಳು. ಹೇಳುವಾಗ ಹಲ್ಲು ಕಟಕಟ ಅನ್ನುತ್ತಿತ್ತು. ಅರ್ಧ ಚಳಿಗೆ, ಅರ್ಧ ಭಯಕ್ಕೆ.

ಹೆಬ್ಬಾವು ಅವಳನ್ನು ಒಮ್ಮೆ ಮೂಸಿ ನೋಡಿತು. ಇಷ್ಟು ಹತ್ತಿರ ಬಂದು ಕೂತವರನ್ನು ಅದಕ್ಕೆ ಇದುವರೆಗೆ ನುಂಗಿಯೇ ಗೊತ್ತು. ನುಂಗದೆ ಇರುವುದು ಹೇಗೆಂದು ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿ, ಕಡೆಗೆ ಬಾಯಿ ತೆರೆದು ಮಾತನ್ನು ಬಿಟ್ಟುಕೊಟ್ಟಿತು. ಬಿಟ್ಟ ಕೂಡಲೇ ಅದರ ಮೈ ನೀರಿನ ಕೊಡದ ಹಾಗೆ ತಣ್ಣಗಾಯಿತು. ಚಂದಲೆ ಈಗ ಎದ್ದು ಓಡಬಹುದಿತ್ತು. ಅವಳು ಓಡಲಿಲ್ಲ. ಮೋಡ ಸರಿದು ಬಿಸಿಲು ಬಂಡೆಯ ಮೇಲೆ ಬೀಳುವವರೆಗೂ ಕೂತಿದ್ದಳು. ಬಿಸಿಲು ಬಿದ್ದ ಮೇಲೆ ಹೆಬ್ಬಾವು ಹರಿದುಹೋಗಿ ಬಂಡೆಯ ಮೇಲೆ ಮೈಚಾಚಿತು. ಮಾತು ಹೊಟ್ಟೆಯಲ್ಲಿದ್ದಾಗ ಒಬ್ಬನೇ ಇದ್ದೆ, ಈಗ ವಾಸಿ, ಎಂದು ಅದು ಕಣ್ಣು ಮುಚ್ಚಿಕೊಂಡೇ ಹೇಳಿತು. ಚಂದಲೆ ಸೂರ್ಯನಿಗೂ ಹೆಬ್ಬಾವಿಗೂ ಕೈಮುಗಿದು ಮುಂದೆ ನಡೆದಳು.

ಬೆಟ್ಟದ ನೆತ್ತಿಯಲ್ಲಿ ಮಾಂತ್ರಿಕನ ಮನೆ. ಅಂಗಳದ ತುಂಬ ಬೋಕಿಗಳು. ಒಡೆದ ಮಡಕೆ, ಒಡೆದ ಲೋಟ, ಒಡೆದ ಹಣತೆ, ಮೊಣಕಾಲಿನ ಎತ್ತರಕ್ಕೆ ಬಿದ್ದಿದ್ದವು. ಬಾಗಿಲಿನ ಚಿಲಕ ಕಿತ್ತುಬಂದಿತ್ತು. ಮನೆಯ ಹಿಂದೆ ಹರಿಯುವ ತೊರೆಗೆ ಬಗ್ಗಿ ಒಬ್ಬ ಮುದುಕ ದನದ ಹಾಗೆ ಬಾಯಿ ಹಾಕಿ ನೀರು ಕುಡಿಯುತ್ತಿದ್ದ. ಅವನ ಎರಡು ಕೈಗಳೂ ಮೊಣಕೈವರೆಗೆ ಬೂದುಗಲ್ಲು.

ಇಡೀ ಊರನ್ನು ನಡುಗಿಸಿದ ಮಾಂತ್ರಿಕ ಇವನೇ ಎಂದು ಚಂದಲೆಗೆ ನಂಬಲಾಗಲಿಲ್ಲ. ಆದರೂ ಧೈರ್ಯ ತಂದುಕೊಂಡು, ಮೂರನೆಯ ಮಾತನ್ನು ಕೊಡು, ನಮ್ಮಕ್ಕನ ಹೆರಿಗೆ ಇವತ್ತೋ ನಾಳೆಯೋ ಎನ್ನುವ ಹಾಗಿದೆ, ಎಂದು ಕೇಳಿದಳು. ಮಾಂತ್ರಿಕ ಸಿಟ್ಟಾಗಲಿಲ್ಲ. ಅವಳನ್ನು ಮನೆಯೊಳಗೆ ಕರೆದುಕೊಂಡು ಹೋಗಿ ಗೋಡೆಯ ಗೂಡನ್ನು ತೋರಿಸಿದ. ಗೂಡಿನಲ್ಲಿ ಒಂದು ಮಣ್ಣಿನ ಕುಡಿಕೆ. ಈರುಳ್ಳಿಯ ಸಿಪ್ಪೆಯಷ್ಟು ತೆಳು. ಬಾಯಿಗೆ ಮುಚ್ಚಳವಿಟ್ಟು ಅರಗು ಮೆತ್ತಿತ್ತು. ಒಳಗೆ ಮೆಲ್ಲಗೆ ಎಂಬ ಮಾತು ಉಸಿರಾಡುವುದು ಹೊರಗಿನಿಂದಲೇ ಕಾಣುತ್ತಿತ್ತು.

"ತಗೋ. ಆದ್ರೆ ಕುಡಿಕೆ ಒಡೆದ್ರೆ ಮಾತೂ ಸಾಯುತ್ತೆ. ನಂಗೆ ತೆಗೆಯೋಕೆ ಬಂದಿದ್ರೆ ಯಾವತ್ತೋ ತೆಗೀತಿದ್ದೆ" ಅಂದ.

ಚಂದಲೆ ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು. ಅವಳ ಕೈಯೂ ಈಗ ಹದಗೆಟ್ಟ ಕೈ. ನಾಲಗೆಯ ಮೇಲೆ ಎರಡು ಮಾತುಗಳಿದ್ದರೂ ತನಗೆ ತಾನು ಹೇಳಿಕೊಳ್ಳುವ ಹಾಗಿಲ್ಲ. ಅವಳು ಅಲ್ಲೇ ಕೂತುಬಿಟ್ಟಳು. ಹೀಗೇಕೆ ಮಾಡಿದೆ ತಾತ, ನಮ್ಮ ಊರು ನಿನಗೆ ಏನು ಮಾಡಿತ್ತು, ಎಂದು ಕೇಳಿದಳು.

ಮುದುಕ ಬೋಕಿಗಳ ನಡುವೆ ಕೂತು ತನ್ನ ಕತೆ ಹೇಳಿದ. ಅವನ ಹೆಸರು ಸಂಕಣ್ಣ. ಹದವಂತಿಯವನೇ, ಕುಂಬಾರ ಬೀದಿಯವನು. ಅವನು ತಿಗರಿ ತಿರುಗಿಸುವಾಗ ಹೆಂಡತಿ ಹದ ಹೇಳುತ್ತಿದ್ದಳು. ಆ ಕುಡಿಕೆ ಅವಳು ಹದ ಹೇಳಿದ ಕೊನೆಯ ಕುಡಿಕೆ. ಅವಳು ತೀರಿಕೊಂಡ ಮೇಲೆ, ತಿಥಿಗೆ ಇಡೀ ಬೀದಿ ಬಂದು ಉಂಡು ಸಮಾಧಾನ ಹೇಳಿ ಹೋಯಿತು. ಮಾರನೆಯ ದಿನ ಅವನು ತಿಗರಿಯ ಮೇಲೆ ಮಣ್ಣಿಟ್ಟು ಕಾದ. ಯಾರೂ ಬರಲಿಲ್ಲ. ಎಡಮನೆಯವರು ಬಲಮನೆಯವರು ಹೋಗಿರುತ್ತಾರೆ ಅಂದುಕೊಂಡರು. ಬಲಮನೆಯವರು ಎದುರುಮನೆಯವರು ಹೋಗಿರುತ್ತಾರೆ ಅಂದುಕೊಂಡರು. ತಿಗರಿಯ ಮೇಲಿನ ಮಣ್ಣು ಒಣಗಿ ಬಿರಿಯಿತು.

ಮಳೆಗಾಲ ಕಳೆಯಿತು, ಬೇಸಗೆ ಕಳೆಯಿತು. ಸಂಕಣ್ಣ ಬೆಟ್ಟ ಹತ್ತಿದ. ಬೆಟ್ಟದಲ್ಲಿ ಒಂದು ಬೇತಾಳ ಸಿಕ್ಕಿತು. ಮಾತು ಕದಿಯುವ ಮಂತ್ರ ಹೇಳಿಕೊಟ್ಟು, ಅದಕ್ಕೆ ಬದಲಾಗಿ ಅವನ ಕೈಗಳ ಜೀವವನ್ನು ತೆಗೆದುಕೊಂಡು ಹೋಯಿತು. ಕಲ್ಲುಗೈಯಲ್ಲಿ ಎಷ್ಟೋ ವರ್ಷ ಒಬ್ಬನೇ ಕೊರಗಿ, ಕಡೆಗೆ ನನಗಿಲ್ಲದ ಹದ ಊರಿಗೂ ಬೇಡ ಎಂದು ಕದ್ದ. ಕದ್ದ ಮೇಲೆ ತಿಳಿಯಿತು, ಹೇಳುವವರಿಲ್ಲದೆ ಮಾತನ್ನು ಇಟ್ಟುಕೊಂಡು ಏನೂ ಮಾಡುವ ಹಾಗಿಲ್ಲ ಎಂದು.

"ಯಾರನ್ನಾದ್ರೂ ಕರೀಬಾರದಿತ್ತಾ ತಾತ?"

"ನಮ್ಮೂರಲ್ಲಿ ಕರೀತಾರಾ ಮಗಾ?"

ಕುಂಬಾರ ಬೀದಿಯಲ್ಲಿ ಬೀಗ ಹಾಕಿದ ಒಂದು ಮನೆ ಚಂದಲೆಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಅದರ ಜಗಲಿಯ ಮೇಲೆ ಆಡಿದ್ದಳು. ಇಲ್ಲಿದ್ದವರು ಎಲ್ಲಿ ಹೋದರು ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ಅಕ್ಕ ಇದ್ದಳು, ಕೆಂಚಜ್ಜಿ ಇದ್ದಳು, ಕರೆಯುವ ಮೊದಲೇ ಬರುವ ಜನ ಹುಟ್ಟಿದಾಗಿನಿಂದ ಸುತ್ತ ಇದ್ದರು. ಅದು ಎಷ್ಟು ದೊಡ್ಡ ಭಾಗ್ಯ ಎಂದು ಅವಳಿಗೆ ಆ ಬೋಕಿಗಳ ರಾಶಿಯ ನಡುವೆ ಕೂತಾಗ ಗೊತ್ತಾಯಿತು. ಅವಳಿಗೆ ಅಳು ಬಂತು, ಅತ್ತಳು.

ಆಮೇಲೆ ಮೂಗು ಒರೆಸಿಕೊಂಡು ಎದ್ದು ಅವನ ಪಕ್ಕ ಹೋಗಿ ನಿಂತಳು. "ತಾತ, ಕುಡಿಕೆ ತಗೋ. ನಾನು ಹದ ಹೇಳ್ತೀನಿ."

ಸಂಕಣ್ಣ ಅವಳನ್ನೇ ನೋಡಿದ. ನಿನ್ನ ಹತ್ತಿರ ಆ ಮಾತೇ ಇಲ್ಲವಲ್ಲ, ಅದು ಕುಡಿಕೆಯ ಒಳಗಿದೆ, ಅಂದ. ಇರುವುದನ್ನು ಹೇಳುತ್ತೇನೆ, ಇಲ್ಲದ್ದಕ್ಕೆ ಜಾಗ ಬಿಡುತ್ತೇನೆ, ಎಂದು ಚಂದಲೆ ಉತ್ತರ ಕೊಟ್ಟಳು.

ಮುದುಕ ಕಲ್ಲಿನ ಕೈಗಳಿಂದ ಕುಡಿಕೆಯನ್ನು ಗೂಡಿನಿಂದ ಇಳಿಸಿದ. ಕುಡಿಕೆ ಕಿರ್ರ್ ಎಂದಿತು, ಕೂದಲೆಳೆಯಂಥ ಬಿರುಕು ಬಿಟ್ಟಿತು. ಚಂದಲೆ ಹೆರಿಗೆಮನೆಯ ದನಿಯಲ್ಲಿ ಶುರುಮಾಡಿದಳು. "ಮೆತ್ತಗೆ, ಬೆಚ್ಚಗೆ" ಎಂದು ಹೇಳಿ, ಮೂರನೆಯ ಮಾತಿನ ಜಾಗದಲ್ಲಿ ಉಸಿರು ಬಿಟ್ಟಳು. "ಮೆತ್ತಗೆ, ಬೆಚ್ಚಗೆ" ಎಂದು ಮತ್ತೆ ಹೇಳಿ, ಮತ್ತೆ ಉಸಿರು ಬಿಟ್ಟಳು. ಇಬ್ಬರು ಅಕ್ಕತಂಗಿಯರು ಕರೆಯುತ್ತಿರುವಾಗ ಮೂರನೆಯವಳು ಸುಮ್ಮನಿರುವುದು ಹೇಗೆ. ಕುಡಿಕೆಯೊಳಗೆ ಅವಳು ಮಿಸುಕಾಡಿದಳು. ತಾಯಿಯ ದನಿ ಕೇಳಿದ ಕರುವಿನ ಹಾಗೆ ಒಳಗಿನಿಂದಲೇ ಓಗೊಟ್ಟಳು. ಚಂದಲೆ ಬಿಟ್ಟ ಜಾಗದಲ್ಲಿ, ಮುಚ್ಚಿದ ಮಣ್ಣಿನ ಒಳಗಿನಿಂದ, ಸಣ್ಣ ದನಿಯಲ್ಲಿ ಬಂತು. ಮೆಲ್ಲಗೆ.

ಸಂಕಣ್ಣನ ಬೆರಳ ತುದಿಯಲ್ಲಿ ಬೂದುಬಣ್ಣ ಉದುರಿತು. ಅಡಿಯಲ್ಲಿ ಚರ್ಮ ಕಂಡಿತು. ಅವನು ಅರಗನ್ನು ಉಗುರಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ ಮುಚ್ಚಳ ಎತ್ತಿದ. ಮಾತು ಹೊರಗೆ ಬಂದು ಚಂದಲೆಯ ನಾಲಗೆಯ ಮೇಲೂ ಸಂಕಣ್ಣನ ನಾಲಗೆಯ ಮೇಲೂ ಕೂತಿತು, ಅದರ ಹಿಂದೆ ಉಳಿದಿಬ್ಬರೂ ಬಂದರು. ಕುಡಿಕೆ ಅವನ ಕೈಯಲ್ಲಿ ಹಾಗೇ ಉಳಿಯಿತು. ಮುದುಕ ಅದನ್ನು ತೊರೆಗೆ ಒಯ್ದು, ನೀರು ತುಂಬಿ, ಎಷ್ಟೋ ವರ್ಷಗಳ ಮೇಲೆ ಮನುಷ್ಯರ ಹಾಗೆ ನಿಂತು ಕುಡಿದ. ನಿನ್ನ ಋಣ ಹೇಗೆ ತೀರಿಸಲಿ ಮಗಾ, ಅಂದ. ನಡಿ ಊರಿಗೆ, ಎಂದು ಚಂದಲೆ ಹೇಳಿದಳು. ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಅವನು ಹಿಂದೆಯೇ ಉಳಿದ. ಆದರೂ ಅವಳು ಬೆಟ್ಟ ಇಳಿಯುತ್ತ ತಿರುಗಿ ನೋಡಿದಾಗೆಲ್ಲ, ದೂರದಲ್ಲಿ ಅವನು ಇಳಿದು ಬರುತ್ತಿರುವುದು ಕಾಣುತ್ತಿತ್ತು.

ಅವಳು ಮನೆ ಮುಟ್ಟುವ ವೇಳೆಗೆ ಬಾಚಲೆಗೆ ನೋವು ಶುರುವಾಗಿತ್ತು. ಬೀದಿಯ ಜನವೆಲ್ಲ ಅಂಗಳದಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದರು. ಒಳಗೆ ಕೆಂಚಜ್ಜಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಣ್ಣೀರು ಹಾಕುತ್ತಿದ್ದಳು. ಚಂದಲೆ ಓಡಿಹೋಗಿ ಅಕ್ಕನ ತಲೆಯ ಬಳಿ ಕೂತು ಹದ ಹೇಳಲು ಬಾಯಿ ತೆರೆದಳು. ಬಾಚಲೆ ಅವಳನ್ನು ಹಿಡಿದುಕೊಂಡಳು.

"ಹದ ಬೇರೆಯವರು ಹೇಳಲಿ. ನೀನು ನನ್ನ ಹಿಡ್ಕೋ ಚಂದೂ. ನಂಗೆ ಭಯ ಆಗ್ತಿದೆ."

ಚಂದಲೆ ಹುಟ್ಟಿದಾಗಿನಿಂದ ಅಕ್ಕ ಅವಳಲ್ಲಿ ಏನನ್ನೂ ಕೇಳಿರಲಿಲ್ಲ. ಇದೇ ಮೊದಲು. ಚಂದಲೆ ಅಕ್ಕನ ಬೆನ್ನಿಗೆ ಎದೆ ಕೊಟ್ಟು ಕೂತು ಎರಡು ಕೈಯಿಂದ ಬಿಗಿದು ಅಪ್ಪಿಕೊಂಡಳು. ಅಕ್ಕನನ್ನು ಹಿಡಿದ ಅವಳ ಕೈಗೂ ಈಗ ಹದ ಬೇಕು, ಅದನ್ನು ತನಗೆ ತಾನೇ ಹೇಳಿಕೊಳ್ಳುವ ಹಾಗಿಲ್ಲ, ಬೇರೆ ದನಿಯೇ ಬೇಕು. ಆ ಮಾತುಗಳು ಇದ್ದ ಇನ್ನೊಂದು ನಾಲಗೆ ಲೋಕದಲ್ಲಿ ಒಂದೇ. ಅದು ಬೀದಿಯ ಕೊನೆಯಲ್ಲಿ, ಬೇಲಿಯ ಮರೆಯಲ್ಲಿ, ಬರಲೋ ಬೇಡವೋ ಎಂದು ನಿಂತಿತ್ತು.

ಆಗ ಹದವಂತಿಯಲ್ಲಿ ಅದುವರೆಗೆ ಯಾರೂ ಮಾಡದ ಕೆಲಸವನ್ನು ಚಂದಲೆ ಮಾಡಿದಳು. ಬಾಗಿಲಿನ ಕಡೆ ತಿರುಗಿ ಗಂಟಲು ಬಿಚ್ಚಿ ಕರೆದಳು. "ಸಂಕಣ್ಣ ತಾತ, ಬಾ. ನಮ್ಮಕ್ಕಂಗೆ ಹದ ಹೇಳು."

ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೆಸರು ಕೇಳಿ ಕುಂಬಾರ ಬೀದಿಯ ಹಿರಿಯರು ತಲೆ ತಗ್ಗಿಸಿದರು. ಮುದುಕ ಜನರ ನಡುವೆ ಜಾಗ ಮಾಡಿಕೊಂಡು ಬಂದು, ಮುಚ್ಚಿದ ಬಾಗಿಲಿನ ಹೊರಗೆ, ಹೊಸ್ತಿಲಿಗೆ ಬೆನ್ನು ಮಾಡಿ ಕೂತ. ಕೆಮ್ಮಿದ. ಆಮೇಲೆ ಹೇಳಿದ. ಮೆತ್ತಗೆ, ಬೆಚ್ಚಗೆ, ಮೆಲ್ಲಗೆ. ಮತ್ತೆ ಮತ್ತೆ ಹೇಳಿದ. ಒಳಗೆ ಕೆಂಚಜ್ಜಿ ತೊಡೆಯ ಕೆಳಗಿನಿಂದ ಕೈ ತೆಗೆದು ನೋಡಿಕೊಂಡಳು. ಅವು ಅವಳ ಹಳೆಯ ಕೈಗಳೇ. ಅಂಗಳದಲ್ಲಿ ನಿಂತವರ ಬಾಯಿಗೂ ಒಂದೊಂದಾಗಿ ಆ ಮಾತುಗಳು ಹಿಂತಿರುಗಿದವು. ಬೀದಿಗೆ ಬೀದಿಯೇ ಅವನ ಜೊತೆ ಹದ ಹೇಳುತ್ತಿರುವಾಗ ಮಗು ಹುಟ್ಟಿ ಅತ್ತಿತು. ಹೆಣ್ಣು ಮಗು, ಬೆರಳೂ ಮುಕ್ಕಾಗದೆ ಬಂದಿತ್ತು.

ಬಾಚಲೆ ಮಗುವನ್ನು ಎದೆಗೆ ಹಚ್ಚಿ, ಹಣೆ ಮುಟ್ಟಿ, ಹಾಲು ಕುಡಿಸಿ, ಬಾಗಿಲು ತೆಗೆಸಿದಳು. ಹೊರಗೆ ಕೂತವರು ಯಾರು, ಅವರಿಗೆ ಕೊಡಿ, ಎಂದಳು. ಕೆಂಚಜ್ಜಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಸಂಕಣ್ಣನ ಮುಂದೆ ಹಿಡಿದಳು. ಅವನು ಕೈ ಬೆನ್ನ ಹಿಂದೆ ಇಟ್ಟುಕೊಂಡ. ಇವು ಎಷ್ಟನ್ನು ಒಡೆದ ಕೈಗಳು ಎಂದು ನಿಮಗೆ ಗೊತ್ತಿಲ್ಲ, ಅಂದ. ಅಷ್ಟರಲ್ಲಿ ಎಡಮನೆಯವಳು ಬಂದು ಅವನ ಒಂದು ಪಕ್ಕ ನಿಂತಳು. ಬಲಮನೆಯವನು ಇನ್ನೊಂದು ಪಕ್ಕ ನಿಂತ. ನಾವು ಬರಬೇಕಿತ್ತಪ್ಪ, ಬರಲಿಲ್ಲ, ಎಂದು ಎದುರುಮನೆಯ ಹಿರಿಯ ಹೇಳಿ ಮುಂದೆ ಬಂದ. ಆಮೇಲೆ ಎಲ್ಲರೂ ಸೇರಿ ಅವನಿಗೆ ಹದ ಹೇಳಿದರು. ಅವನು ಕೈ ಚಾಚಿ ಮಗುವನ್ನು ಎತ್ತಿಕೊಂಡ. ಮಗು ಅಳು ನಿಲ್ಲಿಸಿ ಅವನ ಹೆಬ್ಬೆರಳನ್ನು ಹಿಡಿದುಕೊಂಡಿತು.

ಅಂದಿನಿಂದ ಹದವಂತಿಯಲ್ಲಿ ಬೇಕಾದವರು ಬಾಯಿ ಬಿಟ್ಟು ಕರೆದರು, ಕರೆಸಿಕೊಂಡವರು ಸಂತೋಷದಿಂದ ಬಂದರು. ಮಂತ್ರಿಯ ಪಕ್ಕೆ ವಾಸಿಯಾಯಿತು, ಹಸುಗಳು ಒದೆಯುವುದನ್ನು ಬಿಟ್ಟವು, ಬೇತಾಳ ಬೇರೆ ಬೆಟ್ಟ ನೋಡಿಕೊಂಡಿತು. ಸಂಕಣ್ಣ ಬೀಗ ತೆಗೆದು ತನ್ನ ಮನೆಯಲ್ಲಿ ಮತ್ತೆ ತಿಗರಿ ಹೂಡಿದ. ಎಲ್ಲರೂ ಉಂಡು ಉಟ್ಟು ನೂರ್ಕಾಲ ಚೆನ್ನಾಗಿ ಬಾಳಿದರು. ಅವರಿಗೆ ಹಾಗೆ ಬಾಳಲು ಯಾರಾರು ಹದ ಹೇಳಿದರೋ ಅವರಿಗೆಲ್ಲ ಒಳ್ಳೆಯದಾಗಲಿ, ಈ ಕತೆ ಕೇಳಿದ ನಿಮಗೂ ಆಗಲಿ.